ಪಾಯದ ಕ್ಯಾಲೆಂಡರ್

ನಮ್ಮ ಸಂಘದ ಕ್ಯಾಲೆಂಡರಿಗೆ ಗೌಂಡಿಗಳು ಇಟ್ಟ ಹೆಸರು ಪಾಯದ ಕ್ಯಾಲೆಂಡರ್. ಗೌಂಡಿ ಎಂದರೆ ನಮ್ಮ ಕಡೆ ಮನೆ ಕಟ್ಟುವ ಮೇಸ್ತ್ರಿ. ಸಂಘ ಎಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಸಿವಿಲ್ ಎಂಜಿನಿಯರುಗಳು ಸೇರಿ ಕಟ್ಟಿಕೊಂಡದ್ದು. ಪ್ರತಿ ಹೊಸ ವರ್ಷಕ್ಕೆ ಒಂದು ಕ್ಯಾಲೆಂಡರ್ ಅಚ್ಚು ಹಾಕಿಸಿ ಊರೂರಿನ ಗೌಂಡಿಗಳಿಗೆ ಹಂಚುತ್ತೇವೆ. ಮೇಲೆ ಆ ವರ್ಷದ ಅಧ್ಯಕ್ಷರ ಫೋಟೊ, ನಡುವೆ ತಿಂಗಳ ಹಾಳೆಗಳು, ಕೆಳಗೆ ದಪ್ಪ ರಟ್ಟಿನ ಮೇಲೆ ಒಂದು ಕೋಷ್ಟಕ. ಯಾವ ಮಣ್ಣಿನಲ್ಲಿ ಎಷ್ಟು ಆಳದ ಪಾಯ ತೆಗೆಯಬೇಕು ಎಂದು ಅದರಲ್ಲಿ ಬರೆದಿರುತ್ತದೆ. ವರ್ಷ ಮುಗಿದ ಮೇಲೆ ಅಧ್ಯಕ್ಷರನ್ನೂ ತಿಂಗಳುಗಳನ್ನೂ ಹರಿದು ಹಾಕುತ್ತಾರೆ, ರಟ್ಟನ್ನು ಮಾತ್ರ ಉಳಿಸಿಕೊಳ್ಳುತ್ತಾರೆ.

ಕೋಷ್ಟಕದ ಮೂರನೆಯ ಸಾಲು ಹೀಗಿದೆ: ಎರೆ ಮಣ್ಣು, ಗರಸು ಹತ್ತುವವರೆಗೆ, ಹತ್ತದಿದ್ದರೆ ಐದು ಅಡಿಗೆ ನಿಲ್ಲಿಸಬಹುದು. ಗರಸು ಎಂದರೆ ಕಪ್ಪು ಎರೆಯ ಕೆಳಗೆ ಸಿಗುವ ಗಟ್ಟಿ ಹರಳು ಮಣ್ಣು, ಹತ್ತುವುದು ಎಂದರೆ ಅಗೆಯುವಾಗ ಅದು ಸಿಗುವುದು. ನಾಲ್ಕು ತಾಲೂಕುಗಳ ಎಷ್ಟೋ ಮನೆಗಳು ಈ ಒಂದು ಸಾಲನ್ನು ನಂಬಿ ನಿಂತಿವೆ. ಆ ಸಾಲಿನ ಮೇಲೆ ನನ್ನ ಫೋಟೊ ಬಂದ ವರ್ಷದ ಕಥೆಯನ್ನು ಹೇಳದೆ ಇದ್ದರೆ ನನಗೆ ಸಮಾಧಾನವಿಲ್ಲ.

ಸಾಲನ್ನು ಬರೆದವರು ಸಂಘವನ್ನು ಕಟ್ಟಿದ ಸಿಂದಗಿಯ ಹಿರಿಯ ಎಂಜಿನಿಯರು. ನಾವೆಲ್ಲ ಅವರನ್ನು ಗುರುಗಳು ಎನ್ನುತ್ತೇವೆ. ಹರೆಯದಲ್ಲಿ ಅವರು ಬೇಸಿಗೆಯ ಉರಿಬಿಸಿಲಿನಲ್ಲಿ ಹೊಲಹೊಲ ಅಲೆದು, ಬಿರಿದ ನೆಲದೊಳಗೆ ಕಲ್ಲು ಕಟ್ಟಿದ ದಾರ ಇಳಿಬಿಟ್ಟು ಆಳ ಅಳೆಯುತ್ತಿದ್ದರಂತೆ. ನಮ್ಮ ಎರೆ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ದಾರ ಎಲ್ಲಿಯೂ ಐದು ಅಡಿ ದಾಟಲಿಲ್ಲ. ಅದರ ಕೆಳಗೆ ಮಣ್ಣು ವರ್ಷವಿಡೀ ಅಲ್ಲಾಡದೆ ಇರುತ್ತದೆ ಎಂದು ಅವರು ಕಂಡುಕೊಂಡರು. ಯಾವ ಪುಸ್ತಕದಿಂದಲೂ ನಕಲು ಮಾಡದೆ, ತಮ್ಮ ಕಾಲಿನ ಧೂಳಿನಿಂದ ಸಂಪಾದಿಸಿದ ಮಾತು ಅದು. ನಮಗೆ ಅದರ ಮೇಲೆ ಹೆಮ್ಮೆಯಿತ್ತು.

ಅಧ್ಯಕ್ಷಗಿರಿ ನಮ್ಮಲ್ಲಿ ತಾಲೂಕಿನ ಪಾಳಿಯ ಮೇಲೆ ಬರುತ್ತದೆ. ಈ ಸಲ ಇಂಡಿಯ ಪಾಳಿ. ಇಂಡಿಯಲ್ಲಿ ನನಗಿಂತ ಹಿರಿಯರು ಇಬ್ಬರಿದ್ದಾರೆ, ಅವರಿಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಆಗದು. ಒಬ್ಬರನ್ನು ಆರಿಸಿದರೆ ಇನ್ನೊಬ್ಬರು ಸಂಘ ಬಿಡುತ್ತಾರೆಂದು ಹೆದರಿ, ಯಾರಿಗೂ ತೊಂದರೆ ಕೊಡದವಳು ಎಂದು ನನ್ನನ್ನು ಕೂರಿಸಿದರು. ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷೆ ಎಂದು ಭಾಷಣವಾಯಿತು. ಒಳಗಿನ ಲೆಕ್ಕಾಚಾರ ನನಗೂ ಗೊತ್ತಿತ್ತು, ಆದರೂ ಖುಷಿಪಟ್ಟೆ. ಬಸ್ ಸ್ಟ್ಯಾಂಡಿನ ಹತ್ತಿರ, ಲಿಂಬೆಹಣ್ಣಿನ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಇಪ್ಪತ್ತು ವರ್ಷ ನಕ್ಷೆ ಬರೆದವಳಿಗೆ ಹಾರ ಬೇಡವಾಗುತ್ತದೆಯೇ?

ಆದರೆ ಅಷ್ಟರಲ್ಲಿ ಬಿರುಕುಗಳು ಶುರುವಾಗಿದ್ದವು.

ಮುಳವಾಡದ ಏತ ನೀರಾವರಿಯ ನೀರು ಬಾಗೇವಾಡಿ ಕಡೆಯ ಕೆರೆಗಳಿಗೆ ಬಂದಾಗ ನಾನೂ ಕುಣಿದವಳೇ. ನಾನು ಹುಟ್ಟಿದ್ದು ತಾಂಬಾದಲ್ಲಿ. ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ಅವ್ವನ ಹಿಂದೆ ಎಷ್ಟು ದೂರ ನಡೆದಿದ್ದೇನೆಂದು ನನ್ನ ಕಾಲಿಗೆ ಗೊತ್ತು. ಕಾಲುವೆಯಲ್ಲಿ ನೀರು ತುಂಬಿ ಹರಿಯುವುದನ್ನು ನೋಡಲಿಕ್ಕೇ ಒಂದು ಭಾನುವಾರ ಗಾಡಿ ಮಾಡಿಕೊಂಡು ಹೋಗಿದ್ದೆ. ಬತ್ತಿದ ಬಾವಿಗಳು ತುಂಬಿದವು. ಜೋಳದ ಹೊಲಗಳಲ್ಲಿ ಕಬ್ಬು ಎದ್ದಿತು. ಆ ನೀರಿಗೆ ನಾನು ಇಂದಿಗೂ ಒಂದು ಕೆಟ್ಟ ಮಾತು ಆಡುವುದಿಲ್ಲ, ಅದರ ತಪ್ಪೇನೂ ಇಲ್ಲ.

ಮೊದಲ ಬಿರುಕು ಕಂಡದ್ದು ಕಾಲುವೆಯ ಬದಿಯ ಒಂದು ಹಳ್ಳಿಯಲ್ಲಿ, ನಾನೇ ನಕ್ಷೆ ಕೊಟ್ಟ ಮನೆಯಲ್ಲಿ. ಕಿಟಕಿಯ ಮೂಲೆಯಿಂದ ಸೂರಿನ ತನಕ ಓರೆಯಾಗಿ ಹೋಗಿತ್ತು. ಮನೆಯ ಹೆಣ್ಣುಮಗಳು ನಡುಮನೆಯ ಬಾಗಿಲು ಕೂರುವುದಿಲ್ಲ ಎಂದು ಬಡಿಗೇರನನ್ನು ಬೈಯುತ್ತಿದ್ದಳು. ನಾನು ಗೌಂಡಿಯನ್ನು ಬೈದೆ. ನಮ್ಮಲ್ಲಿ ಅದು ರೂಢಿ. ಮನೆ ಚೆನ್ನಾಗಿ ನಿಂತರೆ ಎಂಜಿನಿಯರನ ಹೆಸರು, ಬಿರುಕು ಬಿಟ್ಟರೆ ಗೌಂಡಿಯ ಕೈ. ಸಿಮೆಂಟಿನಲ್ಲಿ ಕೈ ಬಿಗಿ ಹಿಡಿದಿ, ಗೋಡೆಗೆ ಸರಿಯಾಗಿ ನೀರು ಹೊಡೆಯಲಿಲ್ಲ ಎಂದು ಮನೆಯವರ ಎದುರಿಗೇ ಹೇಳಿದೆ.

ಆ ಗೌಂಡಿ ಅದೇ ಹಳ್ಳಿಯವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಆದರೂ ನನ್ನನ್ನು ಬಾಯಾರ ಎಂದೇ ಗೌರವದಿಂದ ಕರೆಯುವವನು. ನಾನು ಕೆಲಸ ಶುರು ಮಾಡಿದಾಗಿನಿಂದ ಬಾಗೇವಾಡಿ ಕಡೆಯ ನನ್ನ ಮನೆಗಳೆಲ್ಲ ಅವನ ಕೈಯವೇ. ಅಕ್ಷರ ಕೂಡಿಸಿ ಓದುತ್ತಾನೆ, ನಕ್ಷೆಯನ್ನು ನೋಡಿದ ಕೂಡಲೇ ಎಲ್ಲಿ ಕತ್ತಲಾಗುತ್ತದೆಂದು ಹೇಳುತ್ತಾನೆ. ಅವನು ಕಟ್ಟಿದ ಗೋಡೆ ನೆಟ್ಟಗಿದೆಯೇ ಎಂದು ದಾರದ ಗುಂಡು ಬಿಟ್ಟು ನೋಡುವುದನ್ನು ನಾನು ಎಂದೋ ಬಿಟ್ಟಿದ್ದೆ. ನಾನು ಬೈಯುವಾಗ ಅವನು ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ನಂದೇ ತಪ್ಪಿರಬೇಕ್ರಿ ಬಾಯಾರ ಎಂದು ಒಪ್ಪಿಕೊಂಡು, ತನ್ನ ಪಗಾರ ಬಿಟ್ಟು ಎಂಟು ದಿನ ದುರಸ್ತಿ ಮಾಡಿಕೊಟ್ಟ. ಆರು ತಿಂಗಳಿಗೆ ಅವನೇ ಕಟ್ಟಿದ ಇನ್ನೊಂದು ಮನೆ ಸೀಳಿತು. ಆಗ ಇನ್ನೂ ಜೋರಾಗಿ ಬೈದೆ. ಅಂದಿನಿಂದ ಅವನು ದೊಡ್ಡ ಕೆಲಸ ಹಿಡಿಯುವುದನ್ನು ಬಿಟ್ಟ. ಕೈ ಹೋಗಿದೆ ಎಂದು ತಾನೇ ಊರವರ ಮುಂದೆ ಹೇಳಿಕೊಂಡು ತಿರುಗಿದನೆಂದು ಆಮೇಲೆ ಕೇಳಿದೆ.

ಮೂರನೆಯ ಬಿರುಕನ್ನು ನೋಡಿದ್ದು ಮುದ್ದೇಬಿಹಾಳದ ಕಡೆ, ಇನ್ನೊಬ್ಬ ಸದಸ್ಯರು ನಕ್ಷೆ ಕೊಟ್ಟ ಮನೆಯಲ್ಲಿ. ಬೇರೆ ಗೌಂಡಿ, ಬೇರೆ ಮರಳು, ಬೇರೆ ಸಿಮೆಂಟು. ಬಿರುಕು ಮಾತ್ರ ಅದೇ, ಕಿಟಕಿಯ ಮೂಲೆಯಿಂದ ಸೂರಿನ ತನಕ, ಅದೇ ಓರೆ.

ಮರುವಾರ ಯಾರಿಗೂ ಹೇಳದೆ ಮೊದಲ ಮನೆಗೆ ಹೋಗಿ, ಇಬ್ಬರು ಆಳು ಹಚ್ಚಿ, ಪಾಯದ ಪಕ್ಕದಲ್ಲಿ ಗುಂಡಿ ತೆಗೆಸಿದೆ. ಬೇಸಿಗೆಯ ನಡು, ಮೇಲಿನ ಮಣ್ಣು ಸುಡುತ್ತಿತ್ತು. ಮೂರನೆಯ ಅಡಿಗೆ ತಂಪಾಯಿತು. ನಾಲ್ಕನೆಯದಕ್ಕೆ ಮಣ್ಣು ಸಲಿಕೆಗೆ ಅಂಟತೊಡಗಿತು. ಐದನೆಯ ಅಡಿಗೆ, ನಮ್ಮ ಪಾಯ ಕೂತ ಜಾಗದಲ್ಲಿ, ಅದು ನಾದಿದ ರೊಟ್ಟಿ ಹಿಟ್ಟಿನಂತಿತ್ತು. ನಾವು ನೋಡುತ್ತಿದ್ದಂತೆ ಗುಂಡಿಯ ತಳದಲ್ಲಿ ನೀರು ಜಿನುಗಿ ಬೊಗಸೆಯಷ್ಟು ನಿಂತಿತು. ಆಳುಗಳಿಬ್ಬರೂ ಗಂಗಮ್ಮ ಬಂದಳೆಂದು ಕೈ ಮುಗಿದರು. ಗುಂಡಿ ಮುಚ್ಚಿರಿ ಎಂದೆ. ಮನೆಯಾಕೆ ಚಹಾ ತಂದುಕೊಟ್ಟಳು, ಕುಡಿಯಲಿಕ್ಕಾಗಲಿಲ್ಲ.

ವಿಷಯ ಸರಳವಾಗಿತ್ತು. ಐದು ಅಡಿಯ ಕೆಳಗೆ ಅಲ್ಲಾಡದೆ ಮಲಗಿದ್ದ ಮಣ್ಣಿಗೆ ಈಗ ಕೆಳಗಿನಿಂದ ನೀರು ಏರಿ ಬರುತ್ತಿತ್ತು. ಅದು ಉಬ್ಬುತ್ತಿತ್ತು, ಮೆತ್ತಗಾಗುತ್ತಿತ್ತು, ಮೇಲಿನ ಮನೆಯನ್ನು ಒಂದು ಮೂಲೆಯಲ್ಲಿ ಎತ್ತಿ ಇನ್ನೊಂದರಲ್ಲಿ ಇಳಿಸುತ್ತಿತ್ತು. ಗರಸಿನ ಮೇಲೆ ಕೂತ ಮನೆಗಳಿಗೆ ಚಿಂತೆಯಿಲ್ಲ. ಗರಸು ಹತ್ತದೆ ಐದು ಅಡಿಗೆ ನಿಲ್ಲಿಸಿದ ಮನೆಗಳೆಲ್ಲ ಬಿರುಕಿನ ಸರದಿಯಲ್ಲಿ ನಿಂತಿದ್ದವು. ಇಂದು ಬಾಗೇವಾಡಿ, ಮುದ್ದೇಬಿಹಾಳ, ನಾಳೆ ನೀರು ಮುಟ್ಟಿದಲ್ಲೆಲ್ಲ.

ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಫೋನಿನಲ್ಲಿ ಕೇಳಿದೆ. ನೀರು ಬಂದ ಕಡೆ ಕೆಲಸ ಮಾಡಿದವರೆಲ್ಲ ಬಿರುಕು ಕಂಡವರೇ. ಪ್ರತಿಯೊಬ್ಬರೂ ತಮ್ಮ ತಮ್ಮ ಗೌಂಡಿಯನ್ನು ಬೈದು, ತೇಪೆ ಹಾಕಿಸಿ, ಬಣ್ಣ ಬಳಿಸಿ ಸುಮ್ಮನಾಗಿದ್ದರು. ಒಬ್ಬರೂ ಇನ್ನೊಬ್ಬರಿಗೆ ಹೇಳಿರಲಿಲ್ಲ. ಸಂಘದ ಸಭೆಯಲ್ಲಿ ಲೈಸೆನ್ಸಿನ ಮಾತು, ಮರಳಿನ ಮಾತು, ಊಟದ ಮಾತು ಎಲ್ಲ ಆಗುತ್ತದೆ. ತನ್ನ ಕಟ್ಟಡದ ಬಿರುಕಿನ ಮಾತನ್ನು ಯಾರೂ ಎತ್ತುವುದಿಲ್ಲ, ಇನ್ನೊಬ್ಬರದನ್ನಂತೂ ಎತ್ತಲೇಬಾರದು. ಅದನ್ನು ನಾವು ಮರ್ಯಾದೆ ಎಂದುಕೊಂಡಿದ್ದೆವು.

ಕ್ಯಾಲೆಂಡರ್ ಅಚ್ಚಿಗೆ ಕೊಡುವ ಮುನ್ನ ಸಿಂದಗಿಯಲ್ಲಿ ಕಾರ್ಯಕಾರಿ ಸಭೆ ಸೇರಿತು. ಮೂರನೆಯ ಸಾಲನ್ನು ತೆಗೆಯೋಣ ಎಂದೆ. ಗುಂಡಿಯಲ್ಲಿ ಕಂಡದ್ದನ್ನು ಹೇಳಿದೆ. ಎಲ್ಲರೂ ಒಟ್ಟಿಗೆ ಮಾತಾಡಿದರು. ಗುರುಗಳು ಬದುಕಿರುವಾಗಲೇ ಅವರ ಸಾಲು ಹೊಡೆದು ಹಾಕುವುದೇ ಎಂದು ಒಬ್ಬರು. ಮಣ್ಣು ಪರೀಕ್ಷೆಯಾಗಲಿ, ತಜ್ಞರು ಬರಲಿ, ಒಂದು ಉಪಸಮಿತಿ ಮಾಡೋಣ ಎಂದು ಇನ್ನೊಬ್ಬರು. ನಮ್ಮ ಕಾರ್ಯದರ್ಶಿ ಮುದ್ದೇಬಿಹಾಳದವರು, ಬುದ್ಧಿವಂತರು, ಎಂದೂ ದನಿ ಏರಿಸದವರು. ಎಲ್ಲರೂ ಸುಸ್ತಾದ ಮೇಲೆ ಅವರು ಮಾತಾಡಿದರು.

"ಆ ಸಾಲು ತಗದ್ರ, ಇಷ್ಟ ದಿನಾ ತಪ್ಪ ಇತ್ತು ಅಂತ ನಾವ ಬರದ ಕೊಟ್ಟಂಗ ಆಗ್ತೈತ್ರಿ ಮೇಡಂ. ಹಳೀ ಮನಿಯವರೆಲ್ಲಾ ನಮ್ಮ ಬಾಗಲಿಗೆ ಬರ್ತಾರ. ಮೊದಲ ನಿಮ್ಮ ಬಾಗಲಿಗೆ ಬರ್ತಾರ, ಫೋಟೊ ನಿಮ್ದ ಇರ್ತೈತಲ್ಲ."

ಯಾರೋ ನಕ್ಕರು. ಈ ವರ್ಷ ಇದ್ದ ಹಾಗೆ ಅಚ್ಚು ಹಾಕಿಸಿ, ಮುಂದಿನ ವರ್ಷ ಬಾಗೇವಾಡಿ ಪಾಳಿಯವರು ನೋಡಿಕೊಳ್ಳಲಿ ಎಂದು ತೀರ್ಮಾನವಾಯಿತು. ನಾನು ಸಹಿ ಹಾಕಿದೆ. ಬೇರೆ ದಾರಿ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸಹಿ ಹಾಕುವಾಗ ನನಗೆ ಆದದ್ದು ಹಗುರ. ಆ ಭಾರ ಒಂದು ವರ್ಷ ಮುಂದೆ ಹೋಯಿತು, ಬೇರೆಯವರ ಪಾಲಿಗೆ ಹೋಯಿತು ಎನ್ನುವ ಹಗುರ. ಹಿರಿತನ ಎಂದರೆ ಇಷ್ಟೇ ಎಂದು ಆ ದಿನ ನನ್ನನ್ನು ನಾನೇ ನಂಬಿಸಿಕೊಂಡೆ.

ಕ್ಯಾಲೆಂಡರ್ ಬಿಡುಗಡೆ ಇಂಡಿಯಲ್ಲೇ ಆಯಿತು. ಪೈಠಣಿ ಸೀರೆ ಉಟ್ಟಿದ್ದೆ, ಕೊರಳಲ್ಲಿ ಹಾರವಿತ್ತು. ಫೋಟೊಕ್ಕೆ ನಿಲ್ಲುವ ಹೊತ್ತಿಗೆ ಫೋನು ಬಂತು. ಬಾಗೇವಾಡಿ ಕಡೆಯ ನಮ್ಮ ಗೌಂಡಿ, ನನ್ನಿಂದ ಎರಡು ಸಲ ಬೈಸಿಕೊಂಡವನು. ತಾನು ಒಂದು ಸ್ವಂತ ಮನೆ ಕಟ್ಟಲಿಕ್ಕೆ ಹೊರಟಿದ್ದೇನೆ ಎಂದು ನಾಚಿಕೊಳ್ಳುತ್ತ ಹೇಳಿದ. ಜೀವನವೆಲ್ಲ ಊರವರ ಮನೆ ಕಟ್ಟಿದವನು ಅಷ್ಟು ವರ್ಷ ಇದ್ದದ್ದು ಮಳೆಗಾಲದಲ್ಲಿ ಸೋರುವ ಮಣ್ಣಿನ ಮಾಳಿಗೆಯ ಮನೆಯಲ್ಲಿ. ಪಾಯ ತೆಗೆಯುತ್ತಿದ್ದಾನೆ, ಐದು ಅಡಿಯಾದರೂ ಗರಸು ಕಂಡಿಲ್ಲ.

"ಇನ್ನೂ ಆಳ ತಗೀಲ್ರಿ, ಇಲ್ಲಾ ಸಾಕ್ರಿ? ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ರಿ ಬಾಯಾರ. ನೀವ ಹೇಳಿದ್ರ ಮುಗೀತು."

ನನ್ನ ಬಲಕ್ಕೆ ಕಾರ್ಯದರ್ಶಿ ನಿಂತಿದ್ದರು. ಎಡಕ್ಕೆ ಮಾಜಿ ಅಧ್ಯಕ್ಷರು. ಎದುರಿಗೆ ಕ್ಯಾಮೆರಾದವನು ಸ್ವಲ್ಪ ನಗಬೇಕೆಂದು ಕೈ ಮಾಡುತ್ತಿದ್ದ. ನಿಲ್ಲಿಸು, ಗುಂಡಿ ಹಾಗೇ ಬಿಡು, ನಾನು ಬರುತ್ತೇನೆ ಎಂದರೆ ಮುಗಿಯುತ್ತಿತ್ತು. ಅದಕ್ಕೆ ಎಷ್ಟು ಉಸಿರು ಬೇಕಾಗಿತ್ತು? ಕ್ಯಾಲೆಂಡರಿನಲ್ಲಿ ಇದ್ದಂತೆ ಮಾಡು ಎಂದೆ. ಆತ್ರಿ, ನಿಮ್ಮ ಹೆಸರ ಮ್ಯಾಲ ಸುರು ಮಾಡ್ತೇನಿ ಎಂದು ಅವನು ಫೋನಿಟ್ಟ. ನಾನು ನಕ್ಕೆ, ಫೋಟೊ ಚೆನ್ನಾಗಿ ಬಂದಿದೆ.

ನಾಳೆ ಹೋಗಿ ನೋಡಿ ಬಂದರಾಯಿತು ಎಂದುಕೊಂಡೆ. ಆ ನಾಳೆ ಬರಲಿಲ್ಲ. ಒಂದು ದಿನ ತಹಶೀಲ್ದಾರ್ ಕಚೇರಿ, ಒಂದು ದಿನ ಬೀಗರ ಮನೆ, ಒಂದು ದಿನ ಸುಮ್ಮನೆ ತಲೆನೋವು. ಒಂದು ಗುಂಡಿಗೆ ಕಲ್ಲು ತುಂಬಲಿಕ್ಕೆ ಎಷ್ಟು ದಿನ ಬೇಕು ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿನಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಈಗ ಕಲ್ಲು ಹಾಕಿರಬೇಕು. ಈಗ ನೆಲಮಟ್ಟಕ್ಕೆ ಬಂದಿರಬೇಕು. ತಿಂಗಳು ದಾಟಿತು. ರೊಟ್ಟಿ ತಟ್ಟಲಿಕ್ಕೆ ಹಿಟ್ಟು ನಾದುವಾಗ ಕೈ ತಡೆಯುತ್ತಿತ್ತು.

ತಡೆಯಲಾರದೆ ಒಂದು ಬೆಳಿಗ್ಗೆ ಬಸ್ಸು ಹಿಡಿದು ಸಿಂದಗಿಗೆ ಹೋದೆ. ಗುರುಗಳಿಗೆ ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಅವರಿಗೆ ನೋವಾಗುತ್ತದೆಂದು ಮಾತನ್ನು ಸುತ್ತಿಬಳಸಿ ಎತ್ತಿದೆ. ಅವರು ನನ್ನನ್ನು ತಡೆದು ಗುಂಡಿಯ ಬಗ್ಗೆ ಕೇಳಿದರು. ಎಷ್ಟನೇ ಅಡಿಗೆ ತಂಪು, ಎಷ್ಟನೇ ಅಡಿಗೆ ಅಂಟು, ನೀರು ಬದಿಯಿಂದ ಬಂತೋ ತಳದಿಂದ ಬಂತೋ. ತಳದಿಂದ ಎಂದೆ. ಅವರು ಹೇಳಿದರು.

"ತಂಗಿ, ಆ ಸಾಲು ಒಣಾ ನೆಲಕ್ಕ ಬರದದ್ದು. ನೀರ ಬಂದ ಮ್ಯಾಲ ಅದನ್ನ ಯಾಕ ಇಟ್ಟೀರಿ?"

ನಿಮ್ಮ ಮೇಲಿನ ಗೌರವಕ್ಕೆ ಎಂದೆ.

"ನನ್ನ ಗೌರವ ತಗೊಂಡ ಏನ ಮಾಡ್ತೀರಿ? ಒಬ್ಬರರ ಬಂದ ನನ್ನ ಕೇಳಬೇಕಾಗಿತ್ತು."

ಅಷ್ಟು ವರ್ಷ ನಾವೆಲ್ಲ ಅವರ ಹೆಸರಿನ ಹಿಂದೆ ಅಡಗಿ ಕೂತಿದ್ದೆವು, ಅವರಿಗೆ ಅದು ಗೊತ್ತೇ ಇರಲಿಲ್ಲ. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ನನ್ನ ಮೇಲಿನ ಸಿಟ್ಟನ್ನು ಕಾರ್ಯದರ್ಶಿಯ ಮೇಲೆ ಹಾಕಿ, ಅಲ್ಲಿಂದಲೇ ಅವರಿಗೆ ಫೋನು ಮಾಡಿ ಸಾಲನ್ನು ಬದಲಿಸುತ್ತೇನೆ ಎಂದೆ. ಅವರು ಕೇಳಿಸಿಕೊಂಡು, ಯೋಚಿಸಿ ಹೆಜ್ಜೆ ಇಡಿ ಎಂದರಷ್ಟೇ. ಮಧ್ಯಾಹ್ನದೊಳಗೆ ಸಿಂದಗಿಯಲ್ಲೇ ಒಂದು ಪ್ರೆಸ್ಸಿನಲ್ಲಿ ಚೀಟಿ ಅಚ್ಚು ಹಾಕಿಸಿದೆ: ಎರೆ ಮಣ್ಣು, ಗರಸು ಹತ್ತುವವರೆಗೆ ಅಗೆಯಲೇಬೇಕು, ಹತ್ತದಿದ್ದರೆ ಕೆಲಸ ನಿಲ್ಲಿಸಿ ಎಂಜಿನಿಯರನ್ನು ಕರೆಯಬೇಕು. ಕೆಳಗೆ ನನ್ನ ಹೆಸರು. ಹಳೆಯ ಸಾಲಿನ ಮೇಲೆ ಸರಿಯಾಗಿ ಕೂರುವ ಅಳತೆಗೆ ಕತ್ತರಿಸಿ, ಅಂಟಿನ ಡಬ್ಬಿ ಕೊಂಡು, ಸಂಘದ ಗುಂಪಿಗೆ ಮೊಬೈಲಿನಲ್ಲಿ ಅದರ ಚಿತ್ರ ಕಳಿಸಿದೆ. ಬಸ್ಸು ಇಂಡಿ ಮುಟ್ಟುವುದರೊಳಗೆ ಹನ್ನೊಂದು ಜನ ಗುಂಪು ಬಿಟ್ಟಿದ್ದರು. ತುರ್ತು ಸಭೆ ಕರೆದು ನನ್ನನ್ನು ಇಳಿಸಬೇಕೆಂದು ಇಂಡಿಯ ಆ ಇಬ್ಬರು ಹಿರಿಯರು ಜೀವನದಲ್ಲಿ ಮೊದಲ ಸಲ ಒಂದೇ ಮಾತು ಆಡಿದ್ದರು.

ಆ ಸಭೆ ಇನ್ನೂ ಆಗಿಲ್ಲ. ಇಳಿಸುತ್ತಾರೆ, ಇಳಿಸಲಿ. ನನ್ನ ಭಯ ಅದಲ್ಲ. ಕಾಲುವೆಗಳು ಇನ್ನೂ ಬರುವವಿವೆ, ಬರಲೇಬೇಕು. ನನ್ನ ನಂತರ ಕೂರುವವರು ಹಳೆಯ ಸಾಲನ್ನೇ ಮತ್ತೆ ಅಚ್ಚು ಹಾಕಿಸಿದರೆ ಯಾರು ಕೇಳುತ್ತಾರೆ? ಹೊಸ ಹುಡುಗರು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುತ್ತಾರೆ, ಪಾಯದ ಚಿತ್ರವನ್ನು ಮಾತ್ರ ನಮ್ಮ ಹಳೆಯ ಹಾಳೆಯಿಂದಲೇ ಎತ್ತಿ ಅಂಟಿಸುತ್ತಾರೆ. ಮಣ್ಣನ್ನು ಮುಟ್ಟಿ ನೋಡಲಿಕ್ಕೆ ಅವರಿಗೆ ಹೇಳಿಕೊಡಬೇಕಾದವರು ನಾವೇ ಆಗಿದ್ದೆವು.

ಸಿಂದಗಿಯಿಂದ ಬಂದ ಮರುದಿನ ಬೆಳಿಗ್ಗೆ, ಊರೂರಿನ ರಟ್ಟುಗಳಿಗೆ ಚೀಟಿ ಅಂಟಿಸಲು ಹೊರಟು, ಮೊದಲು ಹೋದದ್ದು ನಮ್ಮ ಗೌಂಡಿಯ ಹಳ್ಳಿಗೆ. ಗುಂಡಿ ಇನ್ನೂ ತೆರೆದೇ ಇರಲಿ ಎಂದು ದಾರಿಯುದ್ದಕ್ಕೂ ಕಂಡ ದೇವರಿಗೆಲ್ಲ ಕೈ ಮುಗಿದೆ. ಏನಾದರೂ ಅಡ್ಡಿ ಬಂದಿರಲಿ, ಕಲ್ಲು ಸಿಗದೆ ಹೋಗಿರಲಿ, ಅವನಿಗೆ ಜ್ವರವಾದರೂ ಬಂದಿರಲಿ ಎಂದು ಬೇಡಿಕೊಂಡೆ. ಕಾಲುವೆಯ ಏರಿಯಿಂದ ಇಳಿಯುವಾಗಲೇ ಮನೆ ಕಂಡಿತು. ಗೋಡೆಗಳು ಕಿಟಕಿಯ ಮೇಲ್ಮಟ್ಟಕ್ಕೆ ಬಂದಿದ್ದವು.

ಅವನು ಒಬ್ಬನೇ ಕಟ್ಟುತ್ತಿದ್ದ, ಹೆಂಡತಿ ಕಲ್ಲು ಎತ್ತಿ ಕೊಡುತ್ತಿದ್ದಳು. ನನ್ನನ್ನು ನೋಡಿ ಕೆಳಗಿಳಿದು ಬಂದ. ಹೀಗೆ ಬರ್ರಿ ಎಂದು ಒಳಗೆಲ್ಲ ಸುತ್ತಾಡಿಸಿದ. ಇಲ್ಲಿ ದೇವರ ಜಗಲಿ, ಇಲ್ಲಿ ಮಗಳು ಬಂದರೆ ಇರಲಿಕ್ಕೆ ಕೋಣೆ. ಮೂಲೆಗಳು ಅಳೆದು ಕೊಯ್ದಂತಿದ್ದವು. ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಅಷ್ಟು ಚೆಂದದ ಕಟ್ಟಡ ಕಂಡಿಲ್ಲ. ಗುಂಡು ಬಿಟ್ಟು ನೋಡಿರಿ ಎಂದು ತಾನೇ ದಾರ ತಂದು ಕೊಟ್ಟ. ಐದೇ ಅಡಿಗೆ ನಿಲ್ಲಿಸಿದಿಯಾ ಎಂದು ಕೇಳಿದೆ. ಹೌದ್ರಿ, ನೀವ ಹೇಳ್ದಂಗ ಎಂದ.

ಆಗ ನಿಂತಲ್ಲೇ ಹೇಳಿದೆ. ಆ ಸಾಲು ತಪ್ಪಾಗಿದೆ ಎಂದೆ. ಅದು ಒಣ ನೆಲಕ್ಕೆ ಬರೆದದ್ದು, ಕಾಲುವೆ ಬಂದ ಮೇಲೆ ಕೆಳಗಿನ ಮಣ್ಣು ತೊಯ್ದಿದೆ, ಗರಸಿಲ್ಲದೆ ಐದು ಅಡಿಗೆ ಕೂತ ಮನೆಗಳೆಲ್ಲ ಅದರಿಂದಲೇ ಸೀಳುತ್ತಿವೆ. ನೀನು ಕಟ್ಟಿದ ಆ ಎರಡು ಮನೆಗಳೂ ಹಾಗೆಯೇ ಬಿರಿದವು. ನೀನು ಫೋನು ಮಾಡಿದ ದಿನವೂ ನನಗೆ ಇದು ಗೊತ್ತಿತ್ತು. ಬೈಯಲಿ ಎಂದು ಕಾದು ನಿಂತೆ. ಅವನು ತಲೆಯ ಟವೆಲ್ ತೆಗೆದು ಮುಖ ಒರೆಸಿಕೊಂಡ.

"ಹಂಗಾರ ಆ ಬಿರುಕಾ ನನ್ನ ಕೈ ತಪ್ಪಲ್ರಿ?"

ಅಲ್ಲ ಎಂದೆ.

ಅವನ ಕಣ್ಣು ತುಂಬಿ ಬಂತು. ಹೆಂಡತಿಯನ್ನು ಕೂಗಿ ಕರೆದ. ಅವಳು ಬುಟ್ಟಿ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಕೇಳಿಲ್ಲಿ, ನನ್ನ ಕೈ ತಪ್ಪಲ್ಲಂತ, ಬಾಯಾರ ಖುದ್ದ ಬಂದ ಹೇಳಾಕತ್ತಾರ ಎಂದು ಎರಡೆರಡು ಸಲ ಹೇಳಿದ. ಅವಳು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು, ನಾಲ್ಕು ಮಂದಿ ಎದುರಿಗೂ ಒಮ್ಮೆ ಹೀಗೇ ಹೇಳಬೇಕೆಂದು ಬೇಡಿಕೊಂಡಳು. ಹೇಳುತ್ತೇನೆ ಎಂದೆ. ಅವನು ತಾನು ಕಟ್ಟಿದ ಗೋಡೆಯ ಮೇಲೆ ಅಂಗೈ ಇಟ್ಟು ನಗುತ್ತ ನಿಂತಿದ್ದ. ತನ್ನ ಮನೆಯ ಬಗ್ಗೆ ಅವನು ಇನ್ನೂ ಕೇಳಿರಲಿಲ್ಲ.